ಲಿಫ್ಟಿನ ಪಕ್ಕ ಬೇಡ

ಕರ್ರ್ ಎಂದು ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದರು, ಇದೇ, ಇದೇ ಸದ್ದು, ಹಡಗಿನ ಹತ್ತನೇ ಡೆಕ್ಕಿನ, ಅಂದರೆ ಹತ್ತನೇ ಅಂತಸ್ತಿನ, ಕ್ಯಾಬಿನ್ ಬೇಡವೇ ಬೇಡ, ಅದರ ನೆತ್ತಿಯ ಮೇಲೆಯೇ ಈಜುಕೊಳ, ಕೋಳಿ ಕೂಗುವ ಹೊತ್ತಿಗೇ ಕೆಲಸದವರು ಒರಗು ಕುರ್ಚಿಗಳನ್ನು ಎಳೆದೆಳೆದು ಸಾಲಾಗಿ ಇಡುತ್ತಾರಂತೆ, ಹೋಗಿ ಬಂದವರು ಪುಟಗಟ್ಟಲೆ ಬರೆದಿದ್ದಾರೆ, ನಾನೂ ಪುಟಗಟ್ಟಲೆ ಓದಿದ್ದೇನೆ, ಹದಿನೈದು ದಿನದಿಂದ ಇದೇ ಉದ್ಯೋಗ — ಹಡಗಿನ ಮೂತಿಯ ಕಡೆ ಹೋದರೆ ಅಲೆ ಎತ್ತಿ ಎತ್ತಿ ಹಾಕುತ್ತದೆ, ಬಾಲದ ಕಡೆ ಹೋದರೆ ಇಂಜಿನ್ನಿನ ನಡುಕ, ಲೋಟದೊಳಗಿನ ನೀರು ತಾನಾಗಿ ಕುಣಿಯುತ್ತದಂತೆ, ಆರನೇ ಡೆಕ್ಕಿನಲ್ಲಿ ಬಾಲ್ಕನಿಯ ಮುಂದೆಯೇ ಅಪಾಯಕ್ಕೆ ಬೇಕಾಗುವ ದೋಣಿಗಳನ್ನು ನೇತುಹಾಕಿರುತ್ತಾರೆ, ಸಮುದ್ರ ನೋಡಲು ಹೋಗಿ ದೋಣಿಯ ಹೊಟ್ಟೆ ನೋಡುತ್ತಾ ಕೂರಬೇಕು, ಏಳನೆಯದರ ಕೆಳಗೆ ನಾಟಕಶಾಲೆ, ಡ್ರಮ್ಮಿನವನು ನಮ್ಮ ಮಂಚದಡಿಯಲ್ಲೇ ಕೂತು ಬಾರಿಸಿದ ಹಾಗೆ. ಒಂಬತ್ತನೆಯದು ಆಗಲೇ ತುಂಬಿದೆ, ಉಳಿದದ್ದು ಎಂಟನೆಯದು, ಅಲ್ಲೂ ನಡುಭಾಗ, ಮೇಲೂ ಮಲಗುವ ಜನ, ಕೆಳಗೂ ಮಲಗುವ ಜನ, ಹಡಗು ಎಷ್ಟು ಹೊರಳಿದರೂ ಹೊಕ್ಕುಳು ಅಲುಗುವುದು ಕಡಿಮೆ ತಾನೆ. ಪರದೆಯ ಮೇಲೆ ಹಸಿರು ಚೌಕ ಅಂದರೆ ಖಾಲಿ, ಕೆಂಪು ಅಂದರೆ ಹೋಯಿತು, ಬೆಳಗಿನಿಂದ ಆರು ಹಸಿರುಗಳು ನನ್ನ ಕಣ್ಣೆದುರೇ ಕೆಂಪಾದವು, ಯಾರಪ್ಪಾ ಈ ಜನ, ಇಷ್ಟು ಬೇಗ ಹೇಗೆ ತೀರ್ಮಾನ ಮಾಡುತ್ತಾರೆ, ಇವರಿಗೆಲ್ಲ ತಪ್ಪಾಗಬಹುದು ಅನ್ನುವ ಭಯವೇ ಇಲ್ಲವೇ. ಎರಡು ಕ್ಯಾಬಿನ್ ಹಿಡಿದಿಟ್ಟಿದ್ದೀನಿ ಸರ್, ನೀವೇ ಒತ್ತಿದ್ರೂ ಆಯ್ತು, ನನಗೆ ಹೇಳಿದ್ರೂ ಆಯ್ತು, ನಾಲ್ಕು ಗಂಟೆವರೆಗೆ ಅಷ್ಟೆ, ಆಮೇಲೆ ಕಂಪ್ಯೂಟರೇ ಬಿಟ್ಟುಬಿಡುತ್ತೆ, ಟಿಕೆಟ್ ಕಚೇರಿಯ ಹುಡುಗಿ ಬೆಳಿಗ್ಗೆ ಹಾಗೆಂದಳು, ಈಗ ಮೂರೂ ಹತ್ತು, ಅಲ್ಲ, ಮೂರೂ ಹನ್ನೆರಡು. ಒಂದು ಕ್ಯಾಬಿನ್ ಓಣಿಯ ಒಳಗೆ, ಲಿಫ್ಟಿನಿಂದ ದೂರದಲ್ಲಿ, ಅಕ್ಕಪಕ್ಕ ಗದ್ದಲವಿಲ್ಲ, ಬಾಲ್ಕನಿ ಬೇರೆಯದಕ್ಕಿಂತ ಒಂದು ಮೊಳ ಅಗಲ, ಚಿನ್ನದಂಥ ಕ್ಯಾಬಿನ್. ಇನ್ನೊಂದು ಲಿಫ್ಟಿನ ಪಕ್ಕ.

ಅಪ್ಪಾ, ನನಗೆ ಗಂಡು ಹುಡುಕುವಾಗಲೂ ನೀನು ಇಷ್ಟು ತಲೆ ಕೆಡಿಸ್ಕೊಂಡಿರ್ಲಿಲ್ಲ, ಮಗಳು ಫೋನಿನಲ್ಲಿ ನಗುತ್ತಾಳೆ, ನಗಲಿ, ಅವಳಿಗೇನು ಗೊತ್ತು, ಅವಳಮ್ಮ ಮೂವತ್ತೊಂದು ವರ್ಷ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್-ರೇ ತೆಗೆದವಳು, ಸೀಸದ ಬಾಗಿಲು, ಬಾಗಿಲ ಮೇಲೆ ಕೆಂಪು ದೀಪ, ಕಿಟಕಿ ಅನ್ನುವುದು ಹೆಸರಿಗೂ ಇಲ್ಲ, ಬಂದವರಿಗೆಲ್ಲ ಉಸಿರು ಹಿಡ್ಕೊಳ್ಳಿ, ಹಾಂ, ಬಿಡಿ, ಅಂತ ದಿನಕ್ಕೆ ಅರವತ್ತು ಸಲ ಹೇಳಿ ಹೇಳಿ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗ ಕೇಳುತ್ತಿದ್ದ ಮೊದಲ ಮಾತು, ಇವತ್ತು ಬಿಸಿಲಿತ್ತೇನ್ರೀ. ನಾನು ಇತ್ತು ಅನ್ನುತ್ತಿದ್ದೆ, ಕೆಲವು ಸಲ ಇರದಿದ್ದರೂ ಇತ್ತು ಅಂದಿದ್ದೇನೆ, ಕೆಲವು ಸಲ ಇದ್ದರೂ ಇರಲಿಲ್ಲ ಅಂದಿದ್ದೇನೆ, ಹೊಟ್ಟೆ ಉರಿಯದಿರಲಿ ಅಂತ. ಕೆಲಸ ಬಿಡುವ ದಿನ ಹೂಗುಚ್ಛ ಕೊಟ್ಟು ಇನ್ನೇನು ಮಾಡ್ತೀರಿ ಅಂತ ಡಾಕ್ಟರು ಕೇಳಿದ್ದಕ್ಕೆ, ಬಾಗಿಲು ತೆಗೆದ್ರೆ ಬರೀ ನೀರು ಕಾಣ್ಬೇಕು, ಅಂಥ ಕಡೆ ಒಂದು ವಾರ ಸುಮ್ನೆ ಕೂತ್ಕೋತೀನಿ ಅಂದಳು, ಎಲ್ಲರೂ ನಕ್ಕರು, ನಾನು ಮಾತ್ರ ಆ ಮಾತನ್ನು ಗಂಟು ಹಾಕಿಕೊಂಡೆ. ಆಮೇಲೆ ಎರಡು ವರ್ಷ ಸುಮ್ಮನೆ ಹೋಯಿತು, ಏನೇನೋ ನೆಪ, ಈ ಸಲ ತಪ್ಪಬಾರದು, ಕ್ಯಾಬಿನ್ ಕೆಟ್ಟದ್ದಾದರೆ ವಾರವೆಲ್ಲ ಕೆಡುತ್ತದೆ, ಅವಳು ಬಾಯಿಬಿಟ್ಟು ಹೇಳುವುದಿಲ್ಲ, ಅದೇ ಭಯ, ಚೆನ್ನಾಗಿದೆ ಬಿಡಿ ಅನ್ನುತ್ತಾಳೆ, ಅವಳ ಚೆನ್ನಾಗಿದೆ ಬಿಡಿ ಅನ್ನುವುದಕ್ಕೆ ನಾನು ಮೂವತ್ತಾರು ವರ್ಷದಿಂದ ಹೆದರುತ್ತಾ ಬಂದಿದ್ದೇನೆ. ಈಗ ಟೋಪಿ ಕೊಳ್ಳಲು ಹೋಗಿದ್ದಾಳೆ, ಅಗಲ ಅಂಚಿನ ಟೋಪಿ, ಬಾಲ್ಕನಿಯಲ್ಲಿ ಕೂರಲು, ಅಂಗಡಿ ಬೀದಿಯ ತುದಿಯಲ್ಲೇ ಇದೆ, ಹೋಗಿ ಒಂದು ಗಂಟೆಯಾಯಿತು, ಒಂದು ಟೋಪಿಗೆ ಒಂದು ಗಂಟೆಯೇ.

ಮೂರೂ ಇಪ್ಪತ್ತು. ದೂರದ್ದೇ ಸರಿ, ಲಿಫ್ಟಿನ ಪಕ್ಕ ಯಾರಾದರೂ ಮಲಗುತ್ತಾರೆಯೇ, ನನ್ನನ್ನು ಕೇಳಿ, ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿದವನು ನಾನು, ಬಾಗಿಲು ಸರಿಯುವ ಸದ್ದು, ಹಗ್ಗ ತಿಕ್ಕುವ ಸದ್ದು, ಬ್ರೇಕ್ ಕಚ್ಚುವಾಗಿನ ಆ ಟಕ್, ಕಣ್ಣು ಮುಚ್ಚಿ ಕೇಳಿದರೆ ಯಾವ ಮಹಡಿಯಲ್ಲಿದೆ ಅಂತ ಹೇಳಬಲ್ಲೆ, ಅದಕ್ಕೇ ಈ ಮನೆ, ಮೂರನೇ ಮಹಡಿ, ಲಿಫ್ಟಿಲ್ಲದ ಕಟ್ಟಡ, ಲಿಫ್ಟ್ ರಿಪೇರಿಯವನ ಮನೆಗೇ ಲಿಫ್ಟಿಲ್ಲ, ದೀಪದ ಬುಡದಲ್ಲೇ ಕತ್ತಲು ಅಂತ ನೆಂಟರು ನಕ್ಕರು. ಅವಳಿಗೆ ಇಷ್ಟವಾಗಿದ್ದು ಆಚೆ ಬೀದಿಯ ಮನೆ, ಅಲ್ಲಿ ಲಿಫ್ಟಿತ್ತು, ಮಲಗುವ ಕೋಣೆಯ ಗೋಡೆಗೆ ಒತ್ತಿಕೊಂಡೇ ಇತ್ತು, ನಾನು ಗೋಡೆಗೆ ಕಿವಿಯಿಟ್ಟು ಕೇಳಿ ಬೇಡ ಅಂದೆ, ಆಗಲಿ ಬಿಡಿ, ಕಾಲು ಗಟ್ಟಿಯಿದೆಯಲ್ಲ ಅಂದಳು. ನಿನ್ನೆ ಊಟಕ್ಕೆ ಕೂತಾಗ, ತಟ್ಟೆ ನೋಡುತ್ತಲೇ, ಲಿಫ್ಟ್ ಹತ್ತಿರದ್ದೇ ಇರ್ಲಿ ರೀ, ಅಂದಳು. ನನಗೆ ಪಿತ್ತ ನೆತ್ತಿಗೇರಿತು, ಗಡಿಯಾರದ ಟಿಕ್ ಟಿಕ್ ತಡೆಯಲಾರದೆ ಅದನ್ನು ಟವೆಲಿನಲ್ಲಿ ಸುತ್ತಿ ಬೀರುವಿನಲ್ಲಿಡುವವಳು ನೀನು, ನಿನಗೆ ಲಿಫ್ಟ್ ಪಕ್ಕ ನಿದ್ದೆ ಬರುತ್ತೇನೇ, ಜನ ಬಂದು ನಿಲ್ಲುತ್ತಾರೆ, ಹರಟುತ್ತಾರೆ, ಮಕ್ಕಳು ಗುಂಡಿ ಒತ್ತಿ ಓಡುತ್ತವೆ, ಹದಿನೈದು ದಿನದಿಂದ ನಾನು ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲ. ಸುಮ್ನೆ ಅಂದೆ, ನಿಮಗೆ ಹೇಗೆ ಸರಿಯೋ ಹಾಗೆ ಮಾಡಿ, ಅಂತ ಎದ್ದು ಹೋದಳು, ನಲ್ಲಿ ಬಿಟ್ಟ ಸದ್ದು ಬಂತು, ಪಾತ್ರೆಯ ಸದ್ದು ಬರಲಿಲ್ಲ, ನೀರು ಬಹಳ ಹೊತ್ತು ಸುಮ್ಮನೆ ಸುರಿಯಿತು, ನೀರು ದಂಡವಾಗ್ತಿದೆ ಅಂತ ಕೂಗಿದೆ, ನಿಂತಿತು.

ಫೋನು. ಟಿಕೆಟ್ ಕಚೇರಿಯ ಹುಡುಗಿ. ಸರ್, ಹೆಸರು ಹಾಕ್ಲಾ, ಮೂರೂವರೆ ಆಯ್ತು. ಹಾಕಮ್ಮ, ದೂರದ್ದು, ಶಾಂತವಾಗಿರೋದು. ಆ ಕಡೆ ಕೀಲಿಮಣೆ ಟಕಟಕ ಅಂದು ನಿಂತಿತು. ಸರ್, ಅಲ್ಲಿಂದ ಲಿಫ್ಟಿಗೆ ತುಂಬಾ ನಡೀಬೇಕಾಗುತ್ತೆ, ಮುನ್ನೂರು ಹೆಜ್ಜೆ ಹತ್ತಿರ. ನಡೀತೀವಮ್ಮ, ನಡೆದರೆ ಒಳ್ಳೆಯದಲ್ವಾ. ಸರ್, ಅಮ್ಮ ಬೆಳಿಗ್ಗೆ ಫೋನ್ ಮಾಡಿದ್ರು. ಯಾವ ಅಮ್ಮ. ನಿಮ್ಮನೆಯವ್ರು ಸರ್, ಲಿಫ್ಟ್ ಪಕ್ಕದ್ದೇ ಬೇಕು, ನಾಲ್ಕು ಹೆಜ್ಜೆ ನಡೆದ್ರೆ ಉಸಿರು ಸಿಕ್ಕಾಕ್ಕೊಳ್ಳುತ್ತೆ ಅಂದ್ರು, ದೂರದ್ದು ಬೇರೆಯವ್ರು ತಗೊಂಡ್ರು ಅಂತ ನಿಮಗೆ ಹೇಳೋಕೆ ಹೇಳಿದ್ರು, ನನಗೆ ಸುಳ್ಳು ಹೇಳೋಕೆ ಬರಲ್ಲ ಸರ್, ಬೇಜಾರು ಮಾಡ್ಕೋಬೇಡಿ. ಇಲ್ಲಮ್ಮ. ಇಲ್ಲ, ಬೇಜಾರೇನಿಲ್ಲ. ಹಡಗಲ್ಲಿ ಡಾಕ್ಟರು ಇರ್ತಾರೇನಮ್ಮ. ಇರ್ತಾರೆ ಸರ್, ನಾಲ್ಕನೇ ಡೆಕ್ಕು, ಲಿಫ್ಟ್ ಬಾಗಿಲ ಎದುರಿಗೇ. ಹತ್ತು ನಿಮಿಷ ಕೊಡು ತಾಯಿ ಅಂದೆ, ಫೋನು ಕೆಳಗಿಟ್ಟೆ, ಅದು ಮೇಜಿನ ಮೇಲಲ್ಲ, ಟೀ ಲೋಟದ ಮೇಲೆ ಕೂತಿತು, ಉರುಳಿತು.

ಉಸಿರು. ಯಾವಾಗಿನಿಂದ. ಮೂರು ದಿಂಬು, ತಲೆ ಎತ್ತರಿಸಿ ಮಲಗುವುದಕ್ಕೆ, ಕುತ್ತಿಗೆ ನೋವು ಅಂದಳು, ಎರಡು ದಿಂಬಿದ್ದದ್ದು ಮೂರಾಗಿ ಎಷ್ಟು ತಿಂಗಳಾಯಿತು, ಸಾಮಾನು ತಂದಾಗಲೆಲ್ಲ ನೀವು ಹೋಗ್ತಿರಿ, ನಾನು ಬಂದೆ, ಕೆಳಮನೆಯವಳ ಜೊತೆ ಎರಡು ಮಾತಾಡಿ ಬರ್ತೀನಿ, ಅನ್ನುತ್ತಿದ್ದಳು, ನಾನು ಚೀಲ ಹೊತ್ತು ಮೇಲೆ ಬಂದು, ಹೆಂಗಸರ ಎರಡು ಮಾತು ಅಂದರೆ ಅರ್ಧ ಗಂಟೆ ಅಂತ ನಗುತ್ತಾ ಟೀ ಇಡುತ್ತಿದ್ದೆ — ಕೆಳಮನೆಯವಳು ಹಗಲೆಲ್ಲ ಕೆಲಸಕ್ಕೆ ಹೋಗುತ್ತಾಳೆ, ಇದು ನನಗೆ ಗೊತ್ತಿತ್ತು, ಗೊತ್ತಿದ್ದೂ ಹೇಗೆ ಹೊಳೆಯಲಿಲ್ಲ, ಸಾವಿರಾರು ಜನರ ಎದೆಯ ಚಿತ್ರ ನೋಡಿದವಳಿಗೆ ತನ್ನದು ಗೊತ್ತಾಗದೇ ಇರುತ್ತದೆಯೇ, ತೆಗೆಸಿದ್ದಾಳೋ, ಹಳೇ ಜೊತೆಗಾರ್ತಿಯರ ಹತ್ತಿರ ಹೋಗಿ ಗುಟ್ಟಾಗಿ ತೆಗೆಸಿ ನೋಡಿ ಬಂದಿದ್ದಾಳೋ, ಹೇಳಿದರೆ ನಾನು ಪ್ರವಾಸ ಬೇಡ ಅನ್ನುತ್ತೇನೆ ಅಂತ ಬಾಯಿ ಹೊಲಿದುಕೊಂಡಳೋ. ಅನ್ನುತ್ತಿದ್ದೆ, ಖಂಡಿತ ಅನ್ನುತ್ತಿದ್ದೆ. ಈಗಲೂ ಅನ್ನಬೇಕಲ್ಲವೇ, ಮೊದಲು ಡಾಕ್ಟರು, ಆಮೇಲೆ ಹಡಗು, ಬುದ್ಧಿಯಿರುವವನು ಮಾಡುವುದು ಅದೇ — ಆದರೆ ಟೋಪಿ, ಟೋಪಿ ತರಲು ಹೋಗಿದ್ದಾಳೆ, ಮೂರೂ ಮುಕ್ಕಾಲು, ಡಾಕ್ಟರನ್ನು ನಾಳೆಯೇ ನೋಡಬಹುದು, ಹಡಗು ಹೊರಡಲು ಇನ್ನೂ ಇಪ್ಪತ್ತೆರಡು ದಿನ, ಅವರು ಹೋಗಿ ಅಂದರೆ ಹೋಗುವುದು, ಬೇಡ ಅಂದರೆ ರದ್ದು ಮಾಡುವುದು, ಚೌಕ ಕೈಬಿಟ್ಟರೆ ಮಾತ್ರ ಎರಡೂ ಇಲ್ಲ. ಲಿಫ್ಟಿನ ಪಕ್ಕದ ಚೌಕ ಒತ್ತಿದೆ. ಬೆರಳು ಜಾರಿ ಪಕ್ಕದ್ದಕ್ಕೆ ಬಿತ್ತು, ಮತ್ತೆ ಒತ್ತಿದೆ, ಖಚಿತವೇ ಅಂತ ಕೇಳಿತು, ಯಾರಿಗೆ ಏನು ಖಚಿತ, ಹೌದು ಅಂತ ಒತ್ತಿದೆ, ಕೆಂಪಾಯಿತು.

ಕೆಳಗೆ ಬೀದಿ ಬಾಗಿಲು ಬಡಿದುಕೊಂಡಿತು. ಅವಳೇ, ಚಪ್ಪಲಿ ಸದ್ದು ಗೊತ್ತು. ಒಂದು, ಎರಡು, ಮೂರು, ಎಷ್ಟು ನಿಧಾನ, ಇಷ್ಟು ನಿಧಾನ ಯಾವಾಗಾಯಿತು, ಒಂಬತ್ತು, ನಿಂತಿತು. ಅವಳು ಬರುವ ಸದ್ದಿಗೆ ನಾನು ಎಂದಾದರೂ ಕಿವಿಗೊಟ್ಟಿದ್ದೇನೆಯೇ. ಇನ್ನೂ ನಿಂತೇ ಇದೆ. ಬಾಗಿಲು ತೆಗೆದು ಹೊರಗೆ ಬಂದೆ, ಕೂಗಲೇ, ಬೇಡ, ಕೂಗಿದರೆ ಗಾಬರಿಯಿಂದ ಬೇಗ ಬೇಗ ಹತ್ತುತ್ತಾಳೆ, ಸುಮ್ಮನೆ ಇಳಿದೆ, ಅರ್ಧ ಮಹಡಿಗೆ ಮೆಟ್ಟಿಲು ತಿರುಗುವ ಕಡೆ ಗೋಡೆಯ ಮೇಲೆ ಒಂದು ಕಲೆ, ಸುಣ್ಣ ಮಾಸಿ ಎಣ್ಣೆ ಹಿಡಿದ ಹಾಗೆ ಮಿರುಗುವ ಕಲೆ, ನನ್ನ ಎದೆಯ ಎತ್ತರಕ್ಕೆ, ಹಂಚಿನಗಲ ಕೂಡ ಇಲ್ಲ, ಅಂಗೈಯಗಲ. ಕೆಳಗಿನ ತಿರುವಿನಲ್ಲಿ ಇನ್ನೊಂದು, ಅದೇ ಎತ್ತರ, ಅಂಚಿನಲ್ಲಿ ಬೆರಳುಗಳ ಹಾಗೆ ಕವಲು. ಅದರ ಕೆಳಗಿನ ತಿರುವಿನಲ್ಲಿ ಅವಳು, ತಲೆಯ ಮೇಲೆ ಹೊಸ ಟೋಪಿ, ಅಂಗಡಿಯ ಚೀಟಿ ಕಿವಿಯ ಹತ್ತಿರ ನೇತಾಡುತ್ತಿತ್ತು, ಬಾಯಿ ತೆರೆದಿತ್ತು, ಬಲಗೈ ಗೋಡೆಯ ಮೇಲೆ. ನೀವ್ಯಾಕ್ರೀ ಇಳಿದು ಬಂದ್ರಿ, ಅಂದಳು, ಒಂದು ಮಾತಿಗೆ ಮೂರು ಉಸಿರು. ಟೋಪಿ ನೋಡೋಕೆ. ಚೆನ್ನಾಗಿದೆಯಾ. ಚೆನ್ನಾಗಿದೆ ಕಣೇ, ಲಿಫ್ಟ್ ಪಕ್ಕದ್ದೇ ಹಾಕ್ಸಿದೆ. ಅವಳು ನನ್ನ ಮುಖ ನೋಡಿದಳು, ಹೇಳ್ಬಿಟ್ಲಾ ಆ ಹುಡುಗಿ. ಹೇಳಿದ್ಲು. ನಾಳೆ ಬೆಳಿಗ್ಗೆ ಡಾಕ್ಟರ ಹತ್ರ ಹೋಗೋಣ. ಹೋಗೋಣ, ಅಂದಳು, ವಾದ ಮಾಡಲಿಲ್ಲ, ಅದೇ ನನ್ನನ್ನು ಹೆದರಿಸಿತು, ಆದ್ರೆ ಹಡಗು ಬಿಡಲ್ಲ ನಾನು. ಬಿಡೋದು ಬೇಡ. ಮೆಟ್ಟಿಲ ಮೇಲೆ ಅಕ್ಕಪಕ್ಕ ಕೂತೆವು, ಮೇಲಿನ ಮನೆಯವರು ಯಾರೋ ಇಳಿದು ಬಂದು ದಾಟಿ ಹೋದರು, ಏನು ತಿಳಿದುಕೊಂಡರೋ, ಆಮೇಲೆ ಅವಳೇ ಎದ್ದಳು, ತೋಳು ಹಿಡಿಯಲು ಹೋದೆ, ಬೇಡ, ನೀವು ಹಿಂದೆ ಬನ್ನಿ ಅಂದಳು, ಹಿಂದೆ ನಡೆದೆ, ಒಂದೊಂದೇ ಮೆಟ್ಟಿಲು, ತಿರುವು ಬಂತು, ಅವಳು ಗೋಡೆಯ ಕಡೆ ನೋಡಲೂ ಇಲ್ಲ, ಟೋಪಿಯ ಅಂಚಿನಡಿಯಿಂದ ಕೈ ತಾನಾಗಿ ಎದ್ದು ಹೋಗಿ ಕೂತಿತು, ಕಲೆಯ ಮೇಲೆ, ಅಂಗೈಗೆ ಅಂಗೈ, ಬೆರಳಿಗೆ ಬೆರಳು, ಒಂದು ಕೂದಲೆಳೆಯೂ ಆಚೀಚೆ ಇಲ್ಲದ ಹಾಗೆ, ಎಷ್ಟು ಸಲ ಇಟ್ಟರೆ ಗೋಡೆ ಹೀಗೆ ಸವೆಯುತ್ತದೆ, ಎಷ್ಟು ಸಲ, ಅಂಗೈ, ಕಲೆ, ಅಂಗೈ —