ಕ್ಯಾಮೆರಾಕ್ಕೆ ಸಿಗದವಳು

"ಬಲಕ್ಕೆ ಬಾಚಬೇಡಿ ಅತ್ತಿಗೆ, ಅವರ ಕ್ರಾಪು ಎಡಕ್ಕೆ," ಎಂದು ಟೀಚರ್ ಹೇಳುವಷ್ಟರಲ್ಲಿ ಬಾಚಣಿಗೆ ಅರ್ಧ ತಲೆ ದಾಟಿತ್ತು.

"ನನಗೆ ಹೇಳಿಕೊಡ್ತೀಯೇನೇ? ಇವನು ಹುಟ್ಟಿದಾಗಿಂದ ತಲೆ ಬಾಚಿದೋಳು ನಾನು."

"ಹುಟ್ಟಿದಾಗ ಕೂದಲಿತ್ತೋ ಇಲ್ವೋ ನನಗೆ ಗೊತ್ತಿಲ್ಲ. ಇಪ್ಪತ್ತೇಳು ವರ್ಷದಿಂದ ಎಡಕ್ಕೇ."

ಅತ್ತಿಗೆ ಮೂಗೆಳೆದು ತಮ್ಮನ ಕೂದಲನ್ನು ಎಡಕ್ಕೆ ತಿರುಗಿಸಿದಳು. ತಮ್ಮ ಎರಡಕ್ಕೂ ತಕರಾರೆತ್ತಲಿಲ್ಲ. ಅಕ್ಕನಿಗೂ ಹೆಂಡತಿಗೂ ನಡುವೆ ಸಿಕ್ಕಿಬಿದ್ದಾಗ ಬದುಕಿದ್ದಾಗಲೂ ಅವನ ನೀತಿ ಇದೇ ಆಗಿತ್ತು.

ಬಾಡಿಗೆಗೆ ಹಿಡಿದ ಸಭಾಂಗಣದಲ್ಲಿ ಅರವತ್ತು ಕುರ್ಚಿ ಹಾಕಿಸಿದ್ದರು. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುವ ಟೀಚರಿಗಾದರೂ ಹೊಳೆಯಬೇಕಿತ್ತು: ಗಂಡ ಮೂವತ್ತು ವರ್ಷ ಮದುವೆಗಳ ಫೋಟೋ ತೆಗೆದವನು, ಹತ್ತು ಮದುವೆಗೆ ಒಬ್ಬರು ಬಂದರೂ ಅರವತ್ತು ಕುರ್ಚಿ ಯಾವ ಮೂಲೆಗೆ?

ಅವನ ಫೋಟೋಗಳಲ್ಲಿ ಯಾರೂ ಸಾಲಾಗಿ ನಿಂತು ಹಲ್ಲು ಕಿರಿಯುತ್ತಿರಲಿಲ್ಲ. ಕಂಬದ ಹಿಂದೆಯೋ, ಬಾಗಿಲ ಸಂದಿಯಲ್ಲೋ ನಿಂತು, ಜನ ತಮ್ಮನ್ನು ತಾವು ಮರೆಯುವ ಗಳಿಗೆಗೆ ಕಾಯುತ್ತಿದ್ದ. ಯಾರಿಗೂ "ಇಲ್ಲಿ ನೋಡಿ" ಎಂದವನಲ್ಲ. ಯಾರಾದರೂ ತಾವಾಗಿ ಲೆನ್ಸ್ ನೋಡಿಬಿಟ್ಟರೆ ಆ ಫೋಟೋ ಅವನ ಪಾಲಿಗೆ ಒಡೆದ ಹಾಲು.

"ನನ್ನ ಮದುವೇಲಿ ನಮ್ಮಪ್ಪ ಷೂ ಲೇಸು ಕಟ್ಟೋ ನೆಪದಲ್ಲಿ ಬಗ್ಗಿ ಅತ್ತಿದ್ರು, ಟೀಚರ್," ಎಂದಳು ಔಷಧಿ ಅಂಗಡಿಯವಳು. "ನನಗೆ ಗೊತ್ತಾಗಿದ್ದೇ ಆಲ್ಬಮ್ ಬಂದ ಮೇಲೆ. ಕೇಳಿದ್ರೆ ಇವತ್ತಿಗೂ ಇಲ್ಲ ಅಂತಾರೆ."

ಒಬ್ಬ ವಕೀಲ ಬಂದ. ಹತ್ತು ಹೆಜ್ಜೆ ಬಿಟ್ಟು ಅವನ ಮಾಜಿ ಹೆಂಡತಿ ಬಂದಳು. "ಮನೆ ಹಂಚಿಕೊಂಡ್ವಿ, ನಾಯೀನ ಅವಳಿಗೇ ಬಿಟ್ಟೆ," ಎಂದ ವಕೀಲ. "ಆಲ್ಬಮ್ ಮಾತ್ರ ಇಬ್ರೂ ಬಿಡಲಿಲ್ಲ. ಕೊನೆಗೆ ಸಾರೇ ಇನ್ನೊಂದು ಪ್ರತಿ ಮಾಡಿಕೊಟ್ರು."

ಟೀಚರ್ ತಲೆದೂಗುತ್ತ ಮೊದಲ ಸಾಲಿನಲ್ಲಿ ಕೂತಿದ್ದಳು. ಬಂದವರೆಲ್ಲರ ಮನೆಯಲ್ಲೂ, ತನ್ನ ಗಂಡ ಒಮ್ಮೆ ಅವರನ್ನು ಸರಿಯಾಗಿ ನೋಡಿದ್ದಕ್ಕೆ ಒಂದೊಂದು ಸಾಕ್ಷಿ ಇತ್ತು. ಅವಳ ಮನೆಯಲ್ಲಿ ಇರಲಿಲ್ಲ.

ಬೆಕ್ಕು ಬಂದು ಅವಳ ಬಳಿ ಮಂಡಿಯೂರಿದ. ಗಂಡನ ಜೊತೆ ಹದಿನೆಂಟು ವರ್ಷ ಎರಡನೇ ಕ್ಯಾಮೆರಾ ಹಿಡಿದವನು. ತೂಕ ತೊಂಬತ್ತೈದು ಕಿಲೋ, ಓಡಾಡಿದರೆ ಸದ್ದಿಲ್ಲ. ಆ ಹೆಸರು ಬಂದದ್ದು ಹಾಗೆ.

"ಟೀಚರ್, ಒಂದು ಮಾತು. ಇವತ್ತು ಫೋಟೋ ತೆಗೀಲಾ?"

ಅತ್ತಿಗೆಯ ಕಿವಿ ಚುರುಕು. "ಹೆಣದ ಮುಂದೆ ಫೋಟೋನಾ? ಆಲ್ಬಮ್ ಮಾಡಿ ಯಾರ್ಯಾರನ್ನ ಕೂರಿಸಿ ತೋರಿಸ್ತೀಯಪ್ಪ?"

"ಸಾರ್ ಇದ್ದಿದ್ರೆ ತೆಗೀತಿದ್ರು, ಅಕ್ಕ."

"ಅವನಿದ್ದಿದ್ರೆ ನಾವ್ಯಾಕೋ ಇಲ್ಲಿ ಸೇರ್ತಿದ್ವಿ?"

ಟೀಚರ್ ಬೆಕ್ಕಿನ ತೋಳು ಮುಟ್ಟಿದಳು.

"ತೆಗಿ. ಅವರ ಥರಾನೇ ತೆಗೀಬೇಕು. ನನ್ನದೂ ಒಂದು ಬೇಕು."

"ನಿಮ್ಮದಾ?" ಬೆಕ್ಕು ಕತ್ತು ಕೆರೆದುಕೊಂಡ. "ಅದು ಸಾರ್ ಕೈಲೇ ಆಗಲಿಲ್ಲವಲ್ಲ, ಟೀಚರ್."

"ಗೊತ್ತು. ಅದಕ್ಕೇ ಕೇಳ್ತಿರೋದು."

*

ಅವರ ಮದುವೆಯ ದಿನ, ಗೊತ್ತುಮಾಡಿದ್ದ ಫೋಟೋಗ್ರಾಫರ್ "ಗದ್ದ ಎತ್ತಿ, ಗದ್ದ ಇಳಿಸಿ, ಈಗ ನಾಚಿಕೊಳ್ಳಿ" ಎಂದು ವಧುವನ್ನು ಮುಕ್ಕಾಲು ಗಂಟೆ ಸತಾಯಿಸಿದ. ಮದುಮಗ ತಡೆಯುವಷ್ಟು ತಡೆದ. ಆಮೇಲೆ ಎದ್ದುಹೋಗಿ, ಆ ಮನುಷ್ಯನ ಕೈಗೆ ತನ್ನ ಕೋಟು ಕೊಟ್ಟು, ಅವನ ಕ್ಯಾಮೆರಾ ಇಸಿದುಕೊಂಡ. ರಿಜಿಸ್ಟರಿಗೆ ಸಹಿ ಹಾಕಲು ಮಾತ್ರ ವಾಪಸು ಬಂದ.

ಆಲ್ಬಮ್ಮಿನಲ್ಲಿ ಇನ್ನೂರೆಂಬತ್ತು ಫೋಟೋ. ವರ ಒಂದರಲ್ಲೂ ಇಲ್ಲ. "ನಮ್ಮ ಹುಡುಗಿ ಯಾರನ್ನ ಮದುವೆಯಾದಳು ಅನ್ನೋದಕ್ಕೆ ಪುರಾವೇನೇ ಇಲ್ಲ," ಎಂದು ಅವಳ ಸೋದರಮಾವ ವರ್ಷಗಟ್ಟಲೆ ಆಡಿಕೊಂಡ. ಗಂಡನಿಗೆ ಬೇರೆಯೇ ಚಿಂತೆ. ಆಲ್ಬಮ್ಮಿನಲ್ಲಿ ಎಲ್ಲರೂ ತಮ್ಮ ಪಾಡಿಗೆ ತಾವು ನಗುತ್ತ, ಆಕಳಿಸುತ್ತ, ಕಳೆದ ಚಪ್ಪಲಿ ಹುಡುಕುತ್ತ ಇದ್ದರು. ವಧು ಮಾತ್ರ ಪ್ರತಿಯೊಂದರಲ್ಲೂ ಲೆನ್ಸಿಗೆ ಕಣ್ಣು ನೆಟ್ಟಿದ್ದಳು.

"ನಾನು ತೆಗೆದದ್ದರಲ್ಲೇ ದಂಡ ಅಂದ್ರೆ ಈ ಆಲ್ಬಮ್. ಪ್ರತಿ ಸಲ ಯಾಕೆ ನೋಡಿದೆ?"

"ನೀವು ಎಲ್ಲಿದ್ದೀರ ಅಂತ ಗೊತ್ತಾಗ್ತಿತ್ತು. ನೋಡಿದೆ. ತಪ್ಪೇನು?"

ಅಲ್ಲಿಂದ ಶುರುವಾಯಿತು ಬೇಟೆ. ಅಡುಗೆಮನೆಯ ಕಿಟಕಿಯಿಂದ, ಮೆಟ್ಟಿಲ ತಿರುವಿನಿಂದ, ಒಮ್ಮೆ ಶಾಲೆಯ ನೀರಿನ ಟ್ಯಾಂಕಿನ ಮರೆಯಿಂದ ಅವನು ಗುರಿಯಿಟ್ಟ. ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿ, ನಲವತ್ತು ಮಕ್ಕಳ ತಲೆಯ ಮೇಲಿಂದ, ಕಿಟಕಿಯಾಚೆ ಅವನನ್ನೇ ನೋಡಿದಳು. ವಾಚ್‌ಮನ್ ಅವನನ್ನು ಕಳ್ಳನೆಂದು ಹಿಡಿದು ಹೆಡ್‌ಮಾಸ್ಟರ ಮುಂದೆ ನಿಲ್ಲಿಸಿದ್ದು ಬೇರೆ ಕತೆ.

ಅವನು ಪಾಪ ಅನ್ನಿಸಿ, ಗೊತ್ತಾಗದವಳ ಹಾಗೆ ನಟಿಸಿಯೂ ನೋಡಿದಳು. ಅಷ್ಟು ಮದುವೆ ಕಂಡವನ ಮುಂದೆ ನಟನೆ ನಡೆದೀತೇ? ಹದಿನೈದು ವರ್ಷವಾದ ಮೇಲೆ ಅವನು ಕೈಚೆಲ್ಲಿದ. "ನೀನು ಸಿಗೋಳಲ್ಲ ಬಿಡು," ಎಂದ. ಗೆದ್ದವಳಂತೆ ನಕ್ಕಿದ್ದಳು.

*

ಮಧ್ಯಾಹ್ನವಿಡೀ ಟೀಚರ್ ಕಿವಿಗೊಟ್ಟು ಕೂತಳು. ಬೆಕ್ಕು ಎಲ್ಲಿಂದ ತೆಗೆಯುತ್ತಿದ್ದಾನೆ? ಚಹಾದ ಮೇಜಿನ ಬಳಿಯೇ, ಪರದೆಯ ಹಿಂದೆಯೇ? ಪತ್ತೆಯಾಗಲಿಲ್ಲ. ತನ್ನನ್ನು ತಾನು ಮರೆಯಬೇಕೆಂದು ಹಟ ಹಿಡಿದಳು. ಹಟ ಹಿಡಿದು ಮರೆಯುವುದು ನಿದ್ದೆಯನ್ನು ಬೈದು ಕರೆದಂತೆ ಎಂದು ಬಿಟ್ಟುಕೊಟ್ಟಳು. ಔಷಧಿ ಅಂಗಡಿಯವಳು ಏನೋ ಹೇಳಿದಳು. ಯಾರೋ ಕೈಗೆ ಚಹಾ ಕೊಟ್ಟರು. ಅತ್ತಿಗೆ ಪೆಟ್ಟಿಗೆಯ ಹತ್ತಿರ ಹೋಗಿ ತಮ್ಮನ ಕಾಲರು ಸರಿಮಾಡಿ ಬಂದಳು.

*

ಮೂರು ವಾರದ ಹಿಂದೆ, ಆಸ್ಪತ್ರೆಯಲ್ಲಿ, ಅವನು ಇದ್ದಕ್ಕಿದ್ದಂತೆ ಕ್ಯಾಮೆರಾ ಕೇಳಿದ್ದ.

"ಈಗ್ಯಾಕ್ರೀ ಅದು?"

"ಕೊಡು. ಆಮೇಲೆ ಕಿಟಕಿ ಹತ್ರ ಹೋಗಿ ನಿಂತ್ಕೊ."

ಅವಳು ಅವನಿಗೆ ಬೆನ್ನು ತಿರುಗಿಸಿ ನಿಂತು, ಕೆಳಗೆ ನಿಂತ ಕಾರುಗಳನ್ನು ಎಣಿಸತೊಡಗಿದಳು. ಬಿಳಿಯವು ಹನ್ನೊಂದು, ಕೆಂಪು ಮೂರು. ಹಿಂದೆ ಅವನ ಉಸಿರು, ಹಾಸಿಗೆಯ ಕಿರುಗುಟ್ಟು, ಮಣಿಕಟ್ಟು ಸೋತು ಕ್ಯಾಮೆರಾ ಹೊದಿಕೆಯ ಮೇಲೆ ಕೂತ ಮೆತ್ತನೆ ಸದ್ದು ಎಲ್ಲ ಕೇಳಿತು. ಅವಳು ತಿರುಗಲಿಲ್ಲ.

"ಈ ಸಲ ನನಗೆ ಗೊತ್ತಾಗಲೇ ಇಲ್ಲ," ಎಂದಳು.

"ಸುಳ್ಳು ಹೇಳಬೇಡ. ನಿನ್ನ ಬೆನ್ನು ನಗ್ತಿದೆ."

*

ನಾಲ್ಕಕ್ಕೆ ಶವವಾಹನ ಬಂತು. ಎಲ್ಲ ಮುಗಿಸಿ ಮರಳುವಾಗ ಸಭಾಂಗಣದವರು ಕುರ್ಚಿ ಮಡಚಿ ಒಂದರ ಮೇಲೊಂದು ಪೇರಿಸುತ್ತಿದ್ದರು. ಅತ್ತಿಗೆ ಮಂಡಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದಳು. "ಬೆಳಿಗ್ಗೆ ಹತ್ತರಿಂದ ನಿಂತು ನಿಂತು ನನ್ನ ಕಾಲು ನನ್ನವೇ ಅಲ್ಲ ಅನ್ನಿಸ್ತಿದೆ," ಎಂದಳು, ಯಾರನ್ನೂ ದೂರದೆ.

ಬೆಕ್ಕು ಕ್ಯಾಮೆರಾ ಹಿಡಿದುಕೊಂಡು ದೂರದಲ್ಲೇ ನಿಂತಿದ್ದ.

"ನನ್ನವು ಎಷ್ಟಿವೆ?" ಟೀಚರ್ ಕೇಳಿದಳು.

"ನಲವತ್ತಮೂರು."

"ನಾನು ಎಷ್ಟು ಹಾಳು ಮಾಡಿದೆ?"

ಅವನದು ತಪ್ಪೊಪ್ಪಿಕೊಳ್ಳುವವನ ದನಿ. "ಒಂದೂ ಇಲ್ಲ, ಟೀಚರ್. ಒಂದರಲ್ಲೂ ನೀವು ಈ ಕಡೆ ನೋಡಿಲ್ಲ. ನಾಲ್ಕಡಿ ದೂರದಲ್ಲಿ ನಿಂತು ತೆಗೆದೆ. ಆದರೂ."

ಅವಳು ಕ್ಯಾಮೆರಾದ ಪುಟ್ಟ ಪರದೆಯನ್ನು ಕಣ್ಣಿನ ಹತ್ತಿರ ತಂದಳು. ಲೋಟ ಹಿಡಿದು ಕುಡಿಯಲು ಮರೆತ ಹೆಂಗಸು. ವಕೀಲನ ಮಾತು ಕೇಳುತ್ತಿರುವ ಹೆಂಗಸು. ಬಾಯಿ ಅರ್ಧ ತೆರೆದ, ನಡುವಯಸ್ಸು ದಾಟಿದ, ಎಷ್ಟು ಸಲೀಸಾಗಿ ಬೇಕಾದರೂ ಸಿಕ್ಕುವ ಹೆಂಗಸು.

ಕೊನೆಯದರಲ್ಲಿ ಸಭಾಂಗಣ ತುಂಬಿ ತುಳುಕುತ್ತಿತ್ತು. ಎರಡೂ ಗೋಡೆಗೆ ಒರಗಿ ಜನ ನಿಂತಿದ್ದರು. ಔಷಧಿ ಅಂಗಡಿಯವಳು ನಿಂತಿದ್ದಳು. ಅತ್ತಿಗೆ ನಿಂತಿದ್ದಳು, ಒಂದು ಕೈಯಿಂದ ಮಂಡಿ ಹಿಡಿದುಕೊಂಡು. ಮೊದಲ ಸಾಲಿನಲ್ಲಿ ಟೀಚರ್ ಎದುರಿಗಿದ್ದ ಪೆಟ್ಟಿಗೆಯನ್ನೂ ನೋಡದೆ, ಬಾಗಿಲ ಕಡೆಗೆ ಕಣ್ಣಿಟ್ಟು ಕೂತಿದ್ದಳು. ಅವಳ ಎಡಗೈ, ಬೆರಳುಗಳನ್ನು ಅಗಲಿಸಿಕೊಂಡು, ಪಕ್ಕದ ಖಾಲಿ ಕುರ್ಚಿಯನ್ನು ಬಿಗಿಯಾಗಿ ಹಿಡಿದಿತ್ತು, ಈಗಷ್ಟೇ ಎದ್ದುಹೋದವರ ಜಾಗವನ್ನು ಬೇರೆಯವರಿಗೆ ಬಿಟ್ಟುಕೊಡದವರ ಹಾಗೆ.