ಇಪ್ಪತ್ತು ಹಿಕ್ಕೆ, ಒಂದು ಕೊಸರು

ಸ್ಟೇರಿಂಗ್ ಮುಟ್ಟಿ ಹೇಳುತ್ತೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಹದಿನೆಂಟು ವರ್ಷದಿಂದ ಟ್ರಕ್ ಓಡಿಸುತ್ತಿದ್ದೇನೆ. ಸ್ಟೇರಿಂಗ್ ಮೇಲೆ ಸುಳ್ಳಾಣೆ ಇಟ್ಟವನು ಈ ಹೈವೇಗಳಲ್ಲಿ ಉಳಿಯುತ್ತಾನೆಯೇ?

ನನ್ನ ಅಣ್ಣನ ಮಗಳು ನೇತ್ರಾ ಧಾರವಾಡದಿಂದ ಈ ದೇಶಕ್ಕೆ ಓದಲು ಬಂದು, ಮೆಡೋವೇಲ್‌ನ ನಮ್ಮ ಬೇಸ್‌ಮೆಂಟಿನಲ್ಲಿದ್ದಾಳೆ. ಅವಳ ಓದು ಎಂದರೆ ಮೊಲದ ಹೊಟ್ಟೆಯ ಹುಳ. ನೂರು ವರ್ಷದ ಹಿಂದೆ ಯೂರೋಪಿನಿಂದ ತಂದ ದೊಡ್ಡ ಮೊಲಗಳು ಇಲ್ಲಿ ಕಾಡು ಸೇರಿವೆ. ಅವು ತಮ್ಮ ಊರಿನ ಹುಳವನ್ನು ಜೊತೆಗೆ ತಂದವೋ, ಬಿಟ್ಟು ಬಂದವೋ, ಇಲ್ಲಿಯ ಮೊಲಗಳಿಂದ ಹೊಸದಾಗಿ ಹತ್ತಿಸಿಕೊಂಡವೋ, ಅದನ್ನು ಹಿಕ್ಕೆಯಲ್ಲಿ ಹುಡುಕಬೇಕು. ಎರಡು ತಿಂಗಳು ತಿರುಗಿ ಮೊಸರಿನ ಡಬ್ಬಿಯೊಂದನ್ನು ತುಂಬಿಸಿ ಗ್ಯಾರೇಜಿನ ಫ್ರಿಜ್ಜಿನಲ್ಲಿಟ್ಟಿದ್ದಳು. ಸೋಮವಾರದೊಳಗೆ ಏನಾದರೂ ತೋರಿಸದಿದ್ದರೆ ಈ ಕೆಲಸ ನಿಲ್ಲಿಸು ಎಂದಿದ್ದರು ಪ್ರೊಫೆಸರು.

ಶನಿವಾರ ನೋಡಿದರೆ ಡಬ್ಬಿ ಖಾಲಿ.

"ಕಾಕೂ, ಇದರಾಗಿಂದು ಎಲ್ಲಿ?"

ನನ್ನ ಹೆಂಡತಿ ನಿಂಗವ್ವ ನಿರಾಳವಾಗಿ ಕರಿಬೇವಿನ ಕುಂಡ ತೋರಿಸಿದಳು. "ಕುರಿ ಹಿಕ್ಕಿ ಅಂತ ತಿಳದ್ನಿ. ನಿಮ್ಮ ಕಾಕಾ ಎಲ್ಲಿಂದರ ತಂದಾರಂತ ಕಲಸಿ ಹಾಕೀನಿ. ನೋಡು, ನಾಕ ಚಿಗುರು ಬಂದಾವು."

ನೇತ್ರಾ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. "ಅದು ನನ್ನ ಡಿಗ್ರಿ, ಕಾಕೂ."

"ಡಿಗ್ರಿ ಭಾಳ ಪುಷ್ಟಿ ಐತಿ ಬಿಡು," ಎಂದೆ. ಇಬ್ಬರೂ ನನ್ನನ್ನು ನೋಡಿದ ರೀತಿಗೆ ತಕ್ಷಣ ಗಾಡಿಯ ಕೀಲಿ ಕೈಗೆತ್ತಿಕೊಂಡೆ.

ಮೂವರೂ ಹೊರಟೆವು. ಕ್ಲೈನ್‌ಬರ್ಗ್ ದಾಟಿದರೆ ನೇತ್ರಾ ಹಿಕ್ಕೆ ಆರಿಸಿದ್ದ ಹೊಲ. ಈಗ ಮನೆ ಕಟ್ಟಲು ಪೂರ್ತಿ ಅಗೆದಿದ್ದರು. ಆಗ ಮಣ್ಣಿನ ಗುಡ್ಡೆಯ ಹಿಂದಿನಿಂದ ಒಂದು ಮೊಲ ಬಂತು. ಹೋರಿಗರುವಿನಷ್ಟು ಎತ್ತರ. ಕಿವಿ ಎತ್ತಿದಾಗ ನಮ್ಮ ಮೇಲಿನ ಬಿಸಿಲು ಹೋಯಿತು.

ನಿಂಗವ್ವ ಚೀಲದಿಂದ ಮೆಂತ್ಯ ಸೊಪ್ಪಿನ ಸೂಡು ತೆಗೆದು ಅದರ ಮುಂದಿಟ್ಟಳು. "ತಿನ್ನಪ್ಪಾ. ಹುಡುಗಿ ಮಾರಿ ನೋಡು, ಎಷ್ಟ ಸಣ್ಣದಾಗೇತಿ. ಇಪ್ಪತ್ತ ಸಾಕು."

ಮೊಲ ಸೂಡು ಮುಗಿಸಿ, ತಿರುಗಿ ಕುಳಿತು, ಇಪ್ಪತ್ತು ಹಾಕಿತು. ನೇತ್ರಾ ಒಂದೊಂದನ್ನೇ ಡಬ್ಬಿಗೆ ತುಂಬಿಕೊಂಡಳು. ನಿಂಗವ್ವ ಸಂತೆಯಲ್ಲಿ ನಿಂತಂತೆ ಸೊಂಟದ ಮೇಲೆ ಕೈಯಿಟ್ಟಳು. "ಇಡೀ ಸೂಡು ತಿಂದಿ. ಕೊಸರು?"

ಮೊಲ ಸ್ವಲ್ಪ ಯೋಚಿಸಿ ಇನ್ನೊಂದು ಹಾಕಿ ಹೋಯಿತು.

ಭಾನುವಾರ ನೇತ್ರಾ ನನ್ನನ್ನೂ ಲ್ಯಾಬಿಗೆ ಕರೆದೊಯ್ದಳು. ಇಪ್ಪತ್ತರಲ್ಲೂ ಏನಿಲ್ಲ. ಕೊಸರಿನಲ್ಲಿ ಮಾತ್ರ ದುಂಡಗೆ ಒಂದು ಹುಳದ ಮೊಟ್ಟೆ.

"ಊರಿನ ಹುಳದ್ದಂಗ ಕಾಣಸೂದಿಲ್ಲ ಕಾಕಾ. ಇದು ಇಲ್ಲಿ ಮೊಲಗಳ ಹುಳದ್ದು."

"ಅಂದ್ರ ಮೊಲ ತನ್ನ ಹೊಟ್ಟ್ಯಾಗಿನ ಬೇಸ್‌ಮೆಂಟು ಇಲ್ಲಿ ಹುಳಕ್ಕ ಬಾಡಿಗಿಗಿ ಕೊಟ್ಟೇತಿ."

ಎರಡು ದಿನದಲ್ಲಿ ಮೊದಲ ಸಲ ನೇತ್ರಾ ನಕ್ಕಳು. ಸೋಮವಾರ ತೋರಿಸಿದಾಗ, ಒಂದು ಮೊಲದ ಸಾಕ್ಷಿ ಸಾಲದು, ಇನ್ನೊಂದು ವರ್ಷ ನಡೆಸು, ಹೋಲಿಸಲು ಇಲ್ಲಿಯ ಮೊಲಗಳದ್ದೂ ತಾ ಎಂದರಂತೆ ಪ್ರೊಫೆಸರು. ಕರಿಬೇವು ಈಗ ಬೇಸ್‌ಮೆಂಟಿನ ಸೀಲಿಂಗ್ ಮುಟ್ಟಿದೆ.

ಯೂನಿಯನ್‌ವಿಲ್‌ನ ನಿಮ್ಮ ಹಿತ್ತಲಿಗೆ ಮೊಲ ಬರುತ್ತದೆಂದು ಆಗಲೇ ನೀವೇ ಹೇಳಿದಿರಿ. ಹಿಡಿಯಿರಿ ಡಬ್ಬಿ, ತೊಳೆದದ್ದೇ. ಇಪ್ಪತ್ತು ಸಾಕು. ಕೊಸರನ್ನು ಮಾತ್ರ ನೀವೇ ಕೇಳಿ ಇಸಿದುಕೊಳ್ಳಬೇಕು.