ಚೆನ್ನಾಗಿದ್ದ ದಿನಕ್ಕೆ ಬೈಯುವ ಜೋರಮ್ಮ

ನರಳುತ್ತ ಬಂದವರಿಗೆ ಸಮಾಧಾನ ಹೇಳುವುದು ದಾದಿಯರೆಲ್ಲರೂ ಮಾಡುವ ಕೆಲಸ. ನಗುತ್ತ ಬಂದವರನ್ನು ಎದುರಿಗೆ ನಿಲ್ಲಿಸಿಕೊಂಡು ಬೈಯುವುದು ಮಾತ್ರ ಜೋರಮ್ಮನವರಿಗೇ ಮೀಸಲು. 'ಇವತ್ತು ನೋವೇ ಇಲ್ಲ ಸಿಸ್ಟರ್!' ಎಂದು ಯಾರಾದರೂ ಹಿಗ್ಗಿ ಹೇಳಿದರೋ, ಮುಗಿಯಿತು ಕಥೆ: ಕನ್ನಡಕ ಹಣೆಗೇರುತ್ತದೆ, ಕೈ ಸೊಂಟಕ್ಕೆ ಬರುತ್ತದೆ. "ಹಾಗಾದ್ರೆ ಬೆಳಗಿಂದ ಏನೇನು ಘನಕಾರ್ಯ ಮಾಡಿದ್ರಿ? ಒಂದೂ ಬಿಡದೆ ಹೇಳಿ."

ಆರೋಗ್ಯ ಕೇಂದ್ರದ ಮೂರನೆಯ ಕೋಣೆ ಅವರದು. ವರ್ಷಗಟ್ಟಲೆ ಬಿಡದ ಸೊಂಟನೋವು, ಮಂಡಿನೋವು, ಕುತ್ತಿಗೆನೋವಿನವರು ಪರೀಕ್ಷೆಗಳೆಲ್ಲ ಮುಗಿದು, 'ಗಾಬರಿಪಡುವಂಥದ್ದೇನಿಲ್ಲ' ಎಂಬ ಮಾತನ್ನು ಕೇಳಿ ಕೇಳಿ ಸೋತು, ಕೊನೆಗೆ ಬಂದು ಕೂರುವ ಕೋಣೆ. ಒಬ್ಬರೇ ನಡೆದರೆ ಕಾರಿಡಾರೆಲ್ಲ ದಡದಡ ಎನ್ನುವ ಈ ಸ್ಥೂಲಕಾಯದ ಹೆಂಗಸು, ರೋಗಿಯ ಜೊತೆಗೆ ಹೊರಟರೆ ಅವನದೇ ಹೆಜ್ಜೆಗೆ ಹೆಜ್ಜೆ ಕೂಡಿಸಿ, ತಮಗೂ ಅವಸರವೇ ಇಲ್ಲವೆಂಬಂತೆ ಸಾಗುತ್ತಾರೆ. ಬೂದು ಸ್ವೆಟರಿನ ಬಲಜೇಬು ಜೋತುಬಿದ್ದಿದೆ; ಅದರಲ್ಲಿ ರೋಗಿಗಳ ಕೆಲಸ, ವಿಶ್ರಾಂತಿಯ ಹೊತ್ತು ಅಳೆಯುವ ಅಡುಗೆಮನೆಯ ಟೈಮರೊಂದು ಸದಾ ಇರುತ್ತದೆ, ಗಂಭೀರ ಸಭೆಗಳ ನಡುವೆ ಟ್ರಿಣ್ಣೆಂದು ಕೂಗಿ ಮಾನ ಕಳೆಯುತ್ತದೆ. ನೋವು ಎಷ್ಟಿದೆ ಎಂದು ಅವರು ಕೇಳುವುದು ಕೊನೆಯಲ್ಲಿ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ನಿನ್ನೆ ಯಾವ ಕೆಲಸ ಕೈಬಿಟ್ರಿ?"

ಆ ಪ್ರಶ್ನೆಗೆ ಒಬ್ಬ ಕ್ಷೌರಿಕ ಕೊಟ್ಟ ಉತ್ತರ, "ಅಂಗಡೀನೇ ಬಿಡ್ತಿದ್ದೀನಿ." ಮೂರು ವರ್ಷದ ಸೊಂಟನೋವು, ಮಾತ್ರೆ ದಿನಕ್ಕೆ ಎರಡಿದ್ದದ್ದು ಆರಕ್ಕೇರಿ ಹೊಟ್ಟೆಯೂ ಉರಿಯತೊಡಗಿತ್ತು. ಜಾಗ ಕೊಟ್ಟರೆ ಮೊಬೈಲ್ ರಿಪೇರಿ ಇಡುತ್ತೇನೆಂದು ತಮ್ಮ ಕಾದು ಕೂತಿದ್ದ.

"ಕೊಟ್ಟು ಏನ್ಮಾಡ್ತೀರಿ?"

"ಮಲಗ್ತೀನಿ."

"ಎಂಟು ವಾರ ನನಗೆ ಕೊಡಿ. ಆಮೇಲೂ ಆಗಲ್ಲ ಅಂದ್ರೆ ನಾನೇ ಬಂದು ಬೀಗದಕೈ ನಿಮ್ಮ ತಮ್ಮನಿಗೆ ಕೊಡ್ತೀನಿ."

ಮರುದಿನವೇ ಅಂಗಡಿಗೆ ಹೋಗಿ ಕನ್ನಡಿಯೆದುರಿನ ಬೆಂಚಿನಲ್ಲಿ ಅರ್ಧ ದಿನ ಕೂತು ನೋಡಿದರು. ಗಿರಾಕಿಯ ಕುರ್ಚಿ ತುಕ್ಕು ಹಿಡಿದು ಮೇಲೇಳುತ್ತಿರಲಿಲ್ಲ. ಪ್ರತಿ ತಲೆಗೂ ಮನುಷ್ಯ ಬಾಗುತ್ತಿದ್ದ. ಕುರ್ಚಿ ರಿಪೇರಿಯಾಯಿತು. ವೈದ್ಯರೊಡನೆ ಕೂತು ಮಾತ್ರೆಯನ್ನು ಹಂತಹಂತವಾಗಿ ಇಳಿಸಿದರು. ದಿನಕ್ಕೆ ಐದು ತಲೆ, ಒಂದೊಂದಾದ ಮೇಲೂ ಹತ್ತು ನಿಮಿಷ ವಿಶ್ರಾಂತಿ ಎಂದು ಗೊತ್ತುಮಾಡಿದರು. ನೋವಿದ್ದರೂ ಐದೇ, ಇಲ್ಲದಿದ್ದರೂ ಐದೇ. ಅವನು ಎಲ್ಲದಕ್ಕೂ ತಲೆಯಾಡಿಸಿದ.

ಎರಡನೆಯ ವಾರದ ಒಂದು ಬೆಳಿಗ್ಗೆ ಸೊಂಟ ಹೂವಿನಷ್ಟು ಹಗುರವಾಗಿತ್ತು. ಪಾಪ, ಎಷ್ಟು ದಿನದ ಹಸಿವೋ! ಸಂಜೆಯೊಳಗೆ ಹತ್ತೊಂಬತ್ತು ತಲೆ ಮುಗಿಸಿದ. ಮುಂದಿನ ಮೂರು ದಿನ ಹಾಸಿಗೆಯಿಂದ ಏಳಲಿಲ್ಲ. ನಾಲ್ಕನೆಯ ದಿನ ಹೆಂಡತಿಯ ಹೆಗಲು ಹಿಡಿದು ಬಂದ. "ಸಾಕು ಸಿಸ್ಟರ್. ತಮ್ಮನಿಗೆ ಬಾ ಅಂತ ಹೇಳ್ಬಿಡ್ತೀನಿ."

ಜೋರಮ್ಮ ಬೈಯಲಿಲ್ಲ, ನೋವಿನಲ್ಲಿದ್ದವರನ್ನು ಅವರು ಬೈದದ್ದೇ ಇಲ್ಲ. ಅಂಗಡಿ ಮುಚ್ಚಿದ ಹಿಂದಿನ ಸಲಗಳನ್ನೆಲ್ಲ ಕೆದಕಿ ಕೇಳಿದರು: ಅದರ ಹಿಂದಿನ ದಿನ ಹೇಗಿತ್ತು? ಹೆಂಡತಿ ಥಟ್ಟನೆ ಕಣ್ಣರಳಿಸಿದಳು. "ಅಯ್ಯೋ, ಹೌದಲ್ಲ! ಸೊಂಟ ಹಿಡಿದಾಗೆಲ್ಲ ಹಿಂದಿನ ಸಂಜೆ ಇವರು ಹಾಡ್ಕೊಂಡು ಮನೆಗೆ ಬಂದಿರ್ತಾರೆ!"

"ನೋವಿದ್ದ ದಿನ ನೀವು ಜಾಣರೇ," ಎಂದರು ಜೋರಮ್ಮ. "ಕೆಡಿಸ್ಕೊಳ್ಳೋದು ಚೆನ್ನಾಗಿದ್ದ ದಿನ. ಆರನೆಯವರಿಗೆ ನಾಳೆ ಬನ್ನಿ ಅನ್ನೋಕೆ ಬಾಯಿ ಬಂದ್ರೆ ನಿಮ್ಮ ಅಂಗಡಿ ಉಳೀತು."

ಆ ಬಾಯಿ ಬಂದದ್ದು ಐದನೆಯ ವಾರದಲ್ಲಿ. ಸೊಂಟ ಹಗುರವಾಗಿದ್ದ ದಿನವೇ ಆರನೆಯವರಾಗಿ ಬಂದು ಕುರ್ಚಿಯಲ್ಲಿ ಕೂತವರು ಸಾಕ್ಷಾತ್ ಆರೋಗ್ಯ ಕೇಂದ್ರದ ವೈದ್ಯರು. ಸಂಜೆ ಅವರ ಸೋದರಳಿಯನ ಮದುವೆ. ಕ್ಷೌರಿಕ ಹೊದಿಸುವ ಬಟ್ಟೆಯನ್ನು ಕೈಗೆತ್ತಿಕೊಂಡ, ಮತ್ತೆ ಮಡಿಸಿಟ್ಟ. "ನಾಳೆ ಮೊದಲನೇ ತಲೆ ನಿಮ್ದೇ ಡಾಕ್ಟ್ರೇ. ಇವತ್ತು ಆಗಲ್ಲ."

"ನಿಮ್ಮ ದೆಸೆಯಿಂದ ಈ ಪೊದೆ ಹೊತ್ಕೊಂಡೇ ಮದುವೆ ಊಟ ಮಾಡಿ ಬಂದೆ!" ಎಂದು ಮರುದಿನ ವೈದ್ಯರು ಮೂರನೆಯ ಕೋಣೆಗೆ ನುಗ್ಗಿ ದೂರಿದಾಗ, ಜೋರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರಿಗೆ ಅಷ್ಟು ಸಂತೋಷವಾದದ್ದನ್ನು ಆ ಕೇಂದ್ರದಲ್ಲಿ ಯಾರೂ ಕಂಡಿರಲಿಲ್ಲ.

ಎಂಟನೆಯ ವಾರದ ಕೊನೆಗೆ ಜಾಗ ಅಳೆಯಲೆಂದು ತಮ್ಮ ಟೇಪು ಹಿಡಿದು ಬಂದ. ದಿನಕ್ಕೆ ಐದು ತಲೆಯ ಲೆಕ್ಕವನ್ನು ಜೋರಮ್ಮ ಅಷ್ಟರಲ್ಲಿ ಮೆಲ್ಲಮೆಲ್ಲಗೆ ಎಂಟಕ್ಕೇರಿಸಿದ್ದರು. ಅಣ್ಣನ ಸೊಂಟ ಆಗಲೂ ನೋಯುತ್ತಿತ್ತು, ಅಂಗಡಿ ಮಾತ್ರ ಎರಡು ವಾರದಿಂದ ಒಂದು ದಿನವೂ ಮುಚ್ಚಿರಲಿಲ್ಲ. ತಮ್ಮ ಬೆಂಚಿನಲ್ಲಿ ತನ್ನ ಸರದಿಗೆ ಕಾದು, ಕೂದಲು ಕತ್ತರಿಸಿಕೊಂಡು, ಟೇಪು ಬಿಚ್ಚದೆಯೇ ಬಂದ ದಾರಿ ಹಿಡಿದ.

ಇಂಥ ದಾದಿಯರಿಗೆ ವಿಜಯೋತ್ಸವದ ಯೋಗವಿಲ್ಲ. ಗಾಯ ಮಾಯಿಸಿದವರನ್ನು, ಜ್ವರ ಇಳಿಸಿದವರನ್ನು ಜನ ಕೈಮುಗಿದು ಬೀಳ್ಕೊಡುತ್ತಾರೆ. ಇವರ ರೋಗಿಯೋ, ಮುಂದಿನ ತಿಂಗಳು ಅದೇ ನೋವನ್ನು ಹೊತ್ತು ಅದೇ ಬಾಗಿಲಿಗೆ ಬರುತ್ತಾನೆ. ಆದರೆ ಈಗ ಅವನು ಕೆಲಸದ ಮಧ್ಯೆ ಪುರುಸೊತ್ತು ಮಾಡಿಕೊಂಡು ಬರುತ್ತಾನೆ, ಬೇಗ ಬಿಡಿ ಸಿಸ್ಟರ್ ಎಂದು ಅವಸರ ಮಾಡುತ್ತಾನೆ. ಆ ಅವಸರವೇ ಇವರ ಸಂಪಾದನೆ.